ಹನ್ನೊಂದರ ಜಾಗದಲ್ಲಿ ಹನ್ನೆರಡು

ನಾನು ಕೇಳಿಸಿಕೊಂಡದ್ದು "ನಡೆಯುತ್ತೆ" ಎಂದು. "ನಡೆಯುತ್ತಾ" ಎಂದಲ್ಲ. ಈ ಎರಡು ಮಾತುಗಳಲ್ಲಿ ಕೊನೆಯ ಸ್ವರ ಬೇರೆ, ಅಷ್ಟೇ. ಆ ಒಂದು ಸ್ವರದ ಮೇಲೆ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಬೆಸುಗೆ ಹಾಕುತ್ತಿದ್ದ ಹೆಂಗಸಿನ ಕೆಲಸ ಉಳಿಯುವುದೋ ಹೋಗುವುದೋ ಎಂದು ನಿಂತಿತ್ತು. ಹಾಗಾಗಿ ನಾನು ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆಯುತ್ತೇನೆ. ಕೇಳದೆ ಇದ್ದದ್ದನ್ನು ಕೇಳಿಲ್ಲ ಎಂದೇ ಬರೆಯುತ್ತೇನೆ.

ನಮ್ಮದು ಮೇಟಗಳ್ಳಿಯಲ್ಲಿ, ದೊಡ್ಡ ಕಾರ್ಖಾನೆಗಳ ಹಿಂದಿನ ಅಡ್ಡರಸ್ತೆಯಲ್ಲಿರುವ ಸಣ್ಣ ಶೆಡ್ಡು. ಹದಿನಾಲ್ಕು ಜನ. ಸ್ಟೆರಿಲೈಜರ್‌ಗಳಿಗೆ ಟೈಮರ್ ಮಾಡುತ್ತೇವೆ. ಹಲ್ಲಿನ ಡಾಕ್ಟರರ ಹತ್ತಿರ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಕುಕ್ಕರಿನಂಥ ಒಂದು ಪಾತ್ರೆ ಇರುತ್ತದಲ್ಲ, ಚಿಮಟ, ಕತ್ತರಿಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವುದಕ್ಕೆ, ಅದು ಸ್ಟೆರಿಲೈಜರ್. ಕಾವು ಏರಬೇಕಾದಷ್ಟು ಏರಿದ ಮೇಲೆ ಹದಿನೈದು ನಿಮಿಷ ಹಾಗೇ ನಿಲ್ಲಬೇಕು. ಆ ಹದಿನೈದು ನಿಮಿಷವನ್ನು ಎಣಿಸುವುದು ನಮ್ಮ ಟೈಮರ್. ಪಾತ್ರೆ ನಮ್ಮದಲ್ಲ, ಹಬೆ ನಮ್ಮದಲ್ಲ, ನಿಮಿಷ ಮಾತ್ರ ನಮ್ಮದು.

ನಿಮಿಷ ಹುಟ್ಟುವುದು ಹರಳಿನಿಂದ. ಹುಣಸೆಬೀಜದಷ್ಟು ತಗಡಿನ ಡಬ್ಬಿ, ಕೆಳಗೆ ಎರಡು ಕಾಲು, ಒಳಗೆ ಕಲ್ಲಿನ ತೆಳು ಬಿಲ್ಲೆ. ಕರೆಂಟು ಕೊಟ್ಟರೆ ಆ ಬಿಲ್ಲೆ ತನ್ನದೇ ಲೆಕ್ಕದಲ್ಲಿ ಮಿಡಿಯುತ್ತದೆ. ಕಣ್ಣಿಗೆ ಕಾಣದು, ಕಿವಿಗೆ ಕೇಳದು. ನಮ್ಮ ಟೈಮರಿನ ಹರಳು ಸೆಕೆಂಡಿಗೆ ಒಂದು ಕೋಟಿ ಹತ್ತು ಲಕ್ಷದ ಐವತ್ತೊಂಬತ್ತು ಸಾವಿರದ ಇನ್ನೂರು ಸಲ ಮಿಡಿಯಬೇಕು. ಪಕ್ಕದಲ್ಲಿರುವ ಚಿಪ್ ಅಷ್ಟು ಮಿಡಿತ ಎಣಿಸಿ, ಒಂದು ಸೆಕೆಂಡ್ ಆಯಿತು ಎನ್ನುತ್ತದೆ. ಚಿಪ್‌ಗೆ ಬೇರೆ ಗಡಿಯಾರ ಗೊತ್ತಿಲ್ಲ. ಹರಳು ಅವಸರ ಮಾಡಿದರೆ ಅದರ ಸೆಕೆಂಡೂ ಅವಸರದ್ದೇ.

ಡಬ್ಬಿಯ ನೆತ್ತಿಯ ಮೇಲೆ 11.0592 ಎಂದು ಬರೆದಿರುತ್ತದೆ. ಅಷ್ಟುದ್ದ ಯಾರೂ ಹೇಳುವುದಿಲ್ಲ, "ಹನ್ನೊಂದು" ಎನ್ನುತ್ತೇವೆ. ನಾವು ಬೋರ್‌ವೆಲ್ ಮೋಟಾರಿನ ಕಂಟ್ರೋಲರನ್ನೂ ಮಾಡುತ್ತೇವೆ, ಅದರ ಹರಳು 12.000, ಅದು "ಹನ್ನೆರಡು". ಡಬ್ಬಿ ಒಂದೇ, ಕಾಲು ಒಂದೇ. ಟೈಮರಿಗೆ ಯಾಕೆ ಅಂಥ ಮುರುಕಲು ಸಂಖ್ಯೆ ಎಂದರೆ, ದೊಡ್ಡ ಮಾದರಿಯ ಟೈಮರಿಗೆ ಚೀಟಿ ಮುದ್ರಿಸುವ ಪ್ರಿಂಟರ್ ಇರುತ್ತದೆ. ಅದರ ಜೊತೆ ಮಾತಾಡುವ ವೇಗ ಆ ಸಂಖ್ಯೆಯಿಂದ ಸರಿಯಾಗಿ ಭಾಗವಾಗಿ ಬರುತ್ತದೆ. ಹನ್ನೆರಡನ್ನು ಹಾಕಿದ್ದರೆ ಪ್ರಿಂಟರ್ ಅಡ್ಡಾದಿಡ್ಡಿ ಅಕ್ಷರ ಉಗುಳುತ್ತಿತ್ತು, ಅವತ್ತೇ ಗೊತ್ತಾಗುತ್ತಿತ್ತು. ನಾನು ಹೇಳುತ್ತಿರುವ ಸರಕು ಪ್ರಿಂಟರ್ ಇಲ್ಲದ ಸಣ್ಣ ಮಾದರಿಯದು.

ಬೆಸುಗೆ ಬೆಂಚಿನವಳು ಮಂಡಕಳ್ಳಿ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಕೆಸರೆಗೆ ಮದುವೆಯಾಗಿ ಬಂದವಳು. ಎರಡು ಮಕ್ಕಳ ತಾಯಿ. ನನಗಿಂತ ಹದಿನಾರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಕೈ ಚೊಕ್ಕಟ, ಅವಳು ಹಾಕಿದ ಬೆಸುಗೆ ಸಾಸಿವೆಕಾಳಿನ ಹಾಗೆ ಉರುಟಾಗಿ ಹೊಳೆಯುತ್ತದೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಬಂದ ಹೊಸದರಲ್ಲಿ ಹರಳು ಎಂಬ ಮಾತು ಕೇಳಿ, "ಅಕ್ಕ, ಉಂಗುರದ ಅರಳು ಬದ್ಲಾಯ್ಸಿದ್ರೆ ಗ್ರಚಾರ ಬದ್ಲಾಯ್ತದೆ ಅಂತಾರೆ. ಇದ್ಕೂ ಶಾಸ್ತ್ರ ಕೇಳ್ಬೇಕಾ?" ಅಂದಿದ್ದಳು. ಅವಳದು ವರ್ಷದ ಕಾಗದ. ವರ್ಷಕ್ಕೊಮ್ಮೆ ಯಜಮಾನರು ಸಹಿ ಹಾಕಿದರೆ ಮುಂದಿನ ವರ್ಷ ಇರುತ್ತಾಳೆ, ಇಲ್ಲದಿದ್ದರೆ ಇಲ್ಲ. ಈ ಘಟನೆ ನಡೆದಾಗ ಆ ಸಹಿಗೆ ಇನ್ನು ಮೂರು ವಾರ ಇತ್ತು.

ನನ್ನ ಕೆಲಸ ಪರೀಕ್ಷೆ. ಮೇಜಿನ ಮೇಲೆ ಬೆಸುಗೆ ಮುಗಿದ ಎಂಟು ಟೈಮರ್ ಬೋರ್ಡುಗಳನ್ನು ಒಟ್ಟಿಗೆ ಸಿಕ್ಕಿಸುವ ಹಲಗೆಯಿದೆ, ಜಿಗ್ ಎನ್ನುತ್ತೇವೆ. ಅದರ ತಲೆಯಲ್ಲಿ ನಮ್ಮದೇ ಒಂದು ಟೈಮರ್ ಕೂತಿರುತ್ತದೆ, ಮಾದರಿಗೆಂದು. ಗುಂಡಿ ಒತ್ತಿದರೆ ಒಂಬತ್ತೂ ಒಟ್ಟಿಗೆ ಹದಿನೈದರಿಂದ ಕೆಳಗೆ ಎಣಿಸುತ್ತವೆ. ಮಾದರಿಯ ಬಜರ್ ಕೂಗುವಾಗ ಉಳಿದ ಎಂಟೂ ಕೂಗಬೇಕು. ಕೂಗಿದರೆ ರಿಜಿಸ್ಟರಿನಲ್ಲಿ ಬೋರ್ಡಿನ ನಂಬರು, ಅದರ ಮುಂದೆ ನನ್ನ ಸಹಿ. ಹತ್ತೊಂಬತ್ತು ವರ್ಷ ಹಾಗೇ ಮಾಡಿದ್ದೇನೆ.

ಆ ಹದಿನೈದು ನಿಮಿಷ ಕೈಗೆ ಕೆಲಸವಿಲ್ಲ. ನನ್ನ ಏಪ್ರನ್ನಿನ ಜೇಬಿನಲ್ಲಿ ಜಪಸರ ಇರುತ್ತದೆ. ನಮ್ಮ ಮನೆಯವರು ನಾಲ್ಕು ತಲೆಮಾರಿನಿಂದ ಇದೇ ಊರಿನ ಚರ್ಚಿನವರು. ಜಪಸರ ಹೇಳುವ ವೇಗವೂ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಜಪಸರದಲ್ಲಿ ಐದು ಭಾಗ, ರಹಸ್ಯ ಎನ್ನುತ್ತೇವೆ, ಒಂದೊಂದಕ್ಕೆ ಹತ್ತು ಮಣಿ. ಗುಂಡಿ ಒತ್ತಿ ಶಿಲುಬೆ ಹಿಡಿದರೆ, ಐದನೆಯ ರಹಸ್ಯದ ಹತ್ತನೆಯ ಮಣಿಯ ಹೊತ್ತಿಗೆ ಬಜರ್ ಕೂಗುತ್ತದೆ. ಒಂದು ಮಣಿ ಹಿಂದೆ ಮುಂದೆ. ಇದನ್ನು ಯಾವತ್ತೂ ನಾನು ಅಳತೆ ಎಂದುಕೊಂಡಿರಲಿಲ್ಲ.

ಈಗ ಆ ಮಾತಿಗೆ ಬರುತ್ತೇನೆ.

ಆಯುಧಪೂಜೆಗೆ ಮುಂಚೆ ಸರಕು ಹೋಗಬೇಕೆಂದು ಅವಸರವಿತ್ತು. ಬೆಳಿಗ್ಗೆ ಹತ್ತು ಗಂಟೆಯ ಟೀ ಆಗಿತ್ತು. ನಾನು ಕಪಾಟಿನ ಕಡೆ ಮುಖಮಾಡಿ ಹಳೆಯ ರಿಜಿಸ್ಟರ್ ಹುಡುಕುತ್ತಿದ್ದೆ. ಹೊಗೆ ಎಳೆಯುವ ಫ್ಯಾನು ತಿರುಗುತ್ತಿತ್ತು. ನನ್ನ ಬೆನ್ನ ಹಿಂದೆ ಸೂಪರ್‌ವೈಸರ್ ಬಂದು ಬೆಸುಗೆ ಬೆಂಚಿನ ಮೇಲೆ ಏನೋ ಇಟ್ಟರು. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿಸಿತು. ಆಮೇಲೆ ಮಾತು.

"ಹನ್ನೊಂದು ಖಾಲಿ ಆಗಿದೆ. ಹನ್ನೆರಡು ನಡೆಯುತ್ತೆ ನೋಡಿ."

"ನಡೆಯುತ್ತಾ ಸಾರ್?" ಎಂದು ಅವಳು.

"ನಡೆಯುತ್ತೆ ಅಂದ್ನಲ್ಲಮ್ಮ."

ಅಷ್ಟೇ. ಅವರ ಚಪ್ಪಲಿಯ ಸದ್ದು ಸ್ಟೋರ್ ಕಡೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ಕೇಳಿಸಿಕೊಂಡೆ, ಕೇಳಿಸಿಕೊಂಡು ಸುಮ್ಮನಿದ್ದೆ. ಹನ್ನೊಂದಕ್ಕೂ ಹನ್ನೆರಡಕ್ಕೂ ಒಂದು ತಾನೇ ವ್ಯತ್ಯಾಸ ಎಂದು ಅನ್ನಿಸಿತ್ತು ಎಂದರೂ ಸುಳ್ಳಾಗುತ್ತದೆ, ಏನೂ ಅನ್ನಿಸಲಿಲ್ಲ. ನನಗೆ ಬೇಕಾದ ರಿಜಿಸ್ಟರ್ ಸಿಕ್ಕಿತು.

ಆ ಹೊತ್ತಿಗೆ ಜಿಗ್‌ನ ಮಾದರಿ ಟೈಮರ್ ಸುಟ್ಟುಹೋಗಿ ಎರಡು ದಿನವಾಗಿತ್ತು. ಅವಳು ಅವತ್ತು ಮುಗಿಸಿದ ಮೊದಲ ಬೋರ್ಡನ್ನೇ ತೆಗೆದು ಜಿಗ್‌ಗೆ ಹಾಕಿದೆವು. ಆಮೇಲೆ ಮೂವತ್ತಾರು ಬೋರ್ಡು ಮಾಡಿದಳು. ಮೂವತ್ತಾರನ್ನೂ ನಾನು ಪರೀಕ್ಷಿಸಿದೆ. ಮಾದರಿ ಕೂಗಿದಾಗ ಎಲ್ಲವೂ ಕೂಗಿದವು. ಅವುಗಳ ಮೈಯಲ್ಲಿದ್ದ ಹರಳೇ ಮಾದರಿಯ ಮೈಯಲ್ಲೂ ಇತ್ತು, ಹಾಗಾಗಿ ಕೂಗಲೇಬೇಕಿತ್ತು. ಆ ವಾರ ನನ್ನ ಕೈ ಖಾಲಿ ಇರಲಿಲ್ಲ. ಹದಿನೈದು ನಿಮಿಷ ಸುಮ್ಮನೆ ಕೂರುವ ಬದಲು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿ ಎಂದು ಹೇಳಿದ್ದರು, ಅಂಟಿಸುತ್ತಿದ್ದೆ. ಮೂವತ್ತಾರು ಸಹಿ ಹಾಕಿದೆ. ಸರಕು ಹೋಯಿತು.

ಹಬ್ಬ ಕಳೆದು ಸೋಮವಾರ ಕೆಲಸ ಶುರುವಾಯಿತು. ಎಂಟು ಹೊಸ ಬೋರ್ಡು ಸಿಕ್ಕಿಸಿ ಗುಂಡಿ ಒತ್ತಿ ಜಪಸರ ಹಿಡಿದೆ. ಐದನೆಯ ರಹಸ್ಯದ ಆರನೆಯ ಮಣಿಯ ಮೇಲೆ ಬೆರಳಿದ್ದಾಗ ಬಜರ್ ಕೂಗಿತು.

ಮೊದಲು ಬಂದ ಯೋಚನೆ, ನನಗೆ ವಯಸ್ಸಾಯಿತು. ನಾಲಿಗೆ ನಿಧಾನವಾಗುತ್ತಿದೆ. ಎರಡನೇ ಸಲ ಬೇಕೆಂದೇ ಸ್ವಲ್ಪ ಬೇಗ ಹೇಳಿದೆ. ಏಳನೆಯ ಮಣಿ. ಮೂರನೇ ಸಲ ಹೇಗೆ ಬರುತ್ತದೋ ಹಾಗೆ ಹೇಳಿದೆ. ಮತ್ತೆ ಆರು. ನಾಲ್ಕನೇ ಸಲ ಜಪಸರವನ್ನು ಜೇಬಿಗೆ ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಗೋಡೆಯ ಗಡಿಯಾರವನ್ನೂ ನೋಡುತ್ತಾ ಕೂತೆ. ಜಿಗ್ ಹದಿನೈದು ನಿಮಿಷ ಎಂದಿತು. ಮೊಬೈಲು ಹದಿಮೂರು ನಿಮಿಷ ನಲವತ್ತೊಂಬತ್ತು ಸೆಕೆಂಡು ಎಂದಿತು. ಗೋಡೆಯ ಗಡಿಯಾರ ಮೊಬೈಲಿನ ಪರ ಇತ್ತು.

ಜಿಗ್‌ನ ಮಾದರಿಯನ್ನು ಬಿಚ್ಚಿ ಭೂತಗನ್ನಡಿ ಹಿಡಿದೆ. 12.000. ಎಂಟು ಬೋರ್ಡುಗಳನ್ನೂ ಒಂದೊಂದಾಗಿ ನೋಡಿದೆ. ಎಂಟೂ ಹನ್ನೆರಡು. ಒಬ್ಬ ಸುಳ್ಳು ಹೇಳಿದರೆ ಇನ್ನೊಬ್ಬನನ್ನು ಕೇಳಿ ತಿಳಿಯಬಹುದು. ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದರೆ ಯಾರನ್ನು ಕೇಳುವುದು? ನಾನು ಹೋದ ವಾರವೆಲ್ಲ ಅಂಥ ಇಬ್ಬರ ಮಾತು ನಂಬಿ ಸಹಿ ಹಾಕಿದ್ದೆ.

ಅವಳನ್ನು ಕರೆದು ಭೂತಗನ್ನಡಿ ಕೊಟ್ಟೆ. ನೋಡಿದಳು.

"ಊಂ, ಅನ್ನೆರಡು. ಸಾರೇ ಕೊಟ್ಟಿದ್ದು. ಯಾಕಕ್ಕ?"

ಹೇಳಿದೆ. ಪಾತ್ರೆ ಹದಿನೈದು ನಿಮಿಷ ಬೇಯಬೇಕಾದ ಕಡೆ ಹದಿನಾಲ್ಕು ನಿಮಿಷವೂ ಬೇಯುತ್ತಿಲ್ಲ ಎಂದೆ. ಅವಳ ಕೈಯಲ್ಲಿದ್ದ ಗಾಜು ಮೇಜಿಗೆ ಬಂತು.

"ಅಂಗಾದ್ರೆ ಓದ ಸರ್ಕೆಲ್ಲ?"

"ಅದೂ."

"ನಮ್ ಬೀದಿಲೇ ಒಬ್ರು ಅಲ್ಲಿನ್ ಡಾಕ್ಟ್ರವ್ರೆ ಅಕ್ಕ. ನನ್ ಮಗೀನ್ ಅಲ್ಲು ಅಲ್ಲೇ ಕೀಳ್ಸಿದ್ದು," ಅಂದಳು. ಅವರ ಹತ್ತಿರ ಇರುವುದು ನಮ್ಮ ಟೈಮರೋ ಅಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಅವಳು ಬೇರೆ ಏನನ್ನೋ ಯೋಚಿಸಿದಳು, ಮುಖದಲ್ಲಿ ಕಂಡಿತು. ಬೋರ್ಡಿನ ನಕ್ಷೆಯಲ್ಲಿ ಹನ್ನೊಂದು ಎಂದಿದೆ. ನಕ್ಷೆ ನೋಡಿ ಹಾಕಬೇಕು ಎಂದು ಬೆಂಚಿನ ಮೇಲಿನ ಗೋಡೆಯಲ್ಲೇ ಬರೆದಿದೆ. ಹಾಕಿದ ಕೈ ಅವಳದು.

ಸೂಪರ್‌ವೈಸರ್ ಬಳಿ ಇಬ್ಬರೂ ಹೋದೆವು. ಅವರು ಕೆಟ್ಟ ಮನುಷ್ಯರಲ್ಲ, ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಮೊದಲು ನಕ್ಕರು.

"ಎಂಗೆ ಕಂಡುಹಿಡಿದ್ರಿ ಮೇಡಂ?"

"ಜಪಸರದಲ್ಲಿ ನಾಲ್ಕು ಮಣಿ ಉಳೀತು ಸಾರ್."

"ನಿಮ್ ಜಪಸರಕ್ಕೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದ್ಯಾ?"

ಸ್ಟೋರಿನಲ್ಲಿದ್ದ ಇಬ್ಬರು ನಕ್ಕರು. ನಾನು ಮೊಬೈಲು ತೋರಿಸಿದೆ. ಅವರು ನಗು ನಿಲ್ಲಿಸಿ, "ಅದೇನ್ ಮೇಡಂ, ನಡೆಯುತ್ತೆ ಬಿಡಿ, ಒಂದ್ ನಿಮಿಷದ್ ಮಾತು," ಅಂದರು.

"ಇದು ನಡೆಯೋದಲ್ಲ ಸಾರ್, ಓಡೋದು."

ಅವರಿಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ಭಯ ಎಂದು ಈಗ ಅನ್ನಿಸುತ್ತದೆ. ಅವಳ ಕಡೆ ತಿರುಗಿ, "ನಾನು ನಡೆಯುತ್ತಾ ನೋಡಿ ಅಂದಿದ್ದು. ನೋಡಿ ಅಂದ್ರೆ ಹಾಕಿ ಅಂತನಾ?" ಎಂದರು.

ಅವಳು ನನ್ನ ಮುಖ ನೋಡಿದಳು. ಅಲ್ಲಿಂದ ಇದು ಹರಳಿನ ವಿಷಯ ಮಾತ್ರ ಆಗಿ ಉಳಿಯಲಿಲ್ಲ.

ನಮ್ಮ ಯಜಮಾನರ ಬಗ್ಗೆ ನ್ಯಾಯವಾಗಿ ಹೇಳಬೇಕು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಒಂದು ಚೀಟಿಯ ಹಿಂದೆ ಭಾಗಾಕಾರ ಮಾಡಿ, ಅದೇ ಹದಿಮೂರು ನಿಮಿಷ ನಲವತ್ತೊಂಬತ್ತು ಸೆಕೆಂಡಿಗೆ ಬಂದರು. ಶೆಡ್ಡಿನ ಮೊದಲ ಬೋರ್ಡುಗಳಿಗೆ ಅವರೇ ಬೆಸುಗೆ ಹಾಕಿದವರು. ಸರಕನ್ನು ವಾಪಸ್ ತರಿಸುತ್ತೇನೆ ಎಂದು ಆ ಕ್ಷಣವೇ ಹೇಳಿದರು, ಒಂದು ಮಾತೂ ಎಳೆದಾಡಲಿಲ್ಲ. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

ಶನಿವಾರ ಒಂದು ನಮೂನೆ ಟೈಪಾಗಿ ನನ್ನ ಮೇಜಿಗೆ ಬಂತು. ಸರಕು ವಾಪಸ್ ಕರೆಸುವಾಗ ನಮ್ಮ ಟೈಮರ್ ಕೊಳ್ಳುವ ಸ್ಟೆರಿಲೈಜರ್ ಕಂಪನಿಯವರು ಕೇಳುವ ನಮೂನೆ. ಅದರಲ್ಲಿ ಎರಡು ಅಂಕಣ. "ಕಾರಣ" ಎನ್ನುವಲ್ಲಿ ಹೀಗಿತ್ತು: ಜೋಡಿಸುವವರು ನಕ್ಷೆಗೆ ವಿರುದ್ಧವಾಗಿ ತಪ್ಪು ಬಿಡಿಭಾಗ ಹಾಕಿದ್ದಾರೆ. "ಕೈಗೊಂಡ ಕ್ರಮ" ಎನ್ನುವಲ್ಲಿ: ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ, ದೋಷ ಕಂಡುಹಿಡಿದವರ ಸಹಿ. ಅಲ್ಲಿ ನನ್ನ ಹೆಸರನ್ನು ಟೈಪ್ ಮಾಡಿದ್ದರು.

ನಾನು ಅದನ್ನು ಮೂರು ಸಲ ಓದಿದೆ. ನನ್ನ ಜಪಸರ ನಾಲ್ಕು ಮಣಿ ಉಳಿಸಿದ್ದಕ್ಕೆ ಇವಳ ಕೆಲಸ ಹೋಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೋಗುತ್ತಿರಲಿಲ್ಲ.

ಯಜಮಾನರ ಕೋಣೆಗೆ ಹೋಗಿ, ಸಹಿ ಹಾಕುವುದಿಲ್ಲ ಎಂದೆ. ಅವರು ಬಾಗಿಲು ಹಾಕಿ ಕೂರಿಸಿದರು.

"ನೋಡಮ್ಮ, ಕೆಲಸದವರ ಕೈತಪ್ಪು ಅಂದ್ರೆ ಕಂಪನಿಯವರು ಒಪ್ಕೋತಾರೆ. ಸೂಪರ್‌ವೈಸರೇ ಹೇಳಿದ್ರು ಅಂದ್ರೆ ಪದ್ಧತಿನೇ ಸರಿಯಿಲ್ಲ ಅಂತಾಯ್ತು. ನಾಳೆ ಬಂದು ಶೆಡ್ಡನ್ನೆಲ್ಲಾ ಜಾಲಾಡ್ತಾರೆ. ಆರ್ಡರ್ ಹೋದ್ರೆ ಹದಿನಾಲ್ಕು ಜನದ ಅನ್ನ. ಒಬ್ಬಳನ್ನ ನೋಡೋದಾ, ಹದಿನಾಲ್ಕು ಜನನ್ನ ನೋಡೋದಾ?"

"ಆ ಹದಿನಾಲ್ಕರಲ್ಲಿ ಅವಳೂ ಒಬ್ಬಳು ಸಾರ್."

"ಸೋಮವಾರದೊಳಗೆ ಯೋಚನೆ ಮಾಡಿ," ಎಂದರು. ಗದರಲಿಲ್ಲ. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಗೆ ಅವಳು ಕೈ ತೊಳೆಯುವ ನಲ್ಲಿಯ ಬಳಿ ನಿಂತಿದ್ದಳು. ನಮೂನೆಯಲ್ಲಿ ಏನಿದೆ ಎಂದು ಆಗಲೇ ಯಾರೋ ಹೇಳಿಬಿಟ್ಟಿದ್ದರು.

"ಬುಡಿ ಅಕ್ಕ. ಸಯಿ ಆಕ್ಬುಡಿ. ನಿಮ್ಗೂ ತೊಂದ್ರೆ ಯಾಕೆ."

"ನಿನ್ನ ಕೆಲಸ ಹೋಗುತ್ತೆ ಕಣೇ."

"ಓಯ್ತದೆ. ಇನ್ನೊಂದ್ ಕಡೆ ನೋಡ್ಕೊತೀನಿ."

"ಈ ಕಾಗದ ಓದಿದ ಮೇಲೆ ಮೇಟಗಳ್ಳೀಲಿ ಯಾರು ನಿನ್ನ ಕೈಗೆ ಬೆಸುಗೆ ಕೊಡ್ತಾರೆ?"

ಅವಳು ಸೋಪನ್ನು ಕೈಯಲ್ಲಿ ಹಿಡಿದೇ ಇದ್ದಳು, ನೀರು ಸುರಿಯುತ್ತಲೇ ಇತ್ತು. ಆಮೇಲೆ ಮೆಲ್ಲಗೆ, "ಅಕ್ಕ, ಅವ್ರು ನಡೆಯುತ್ತೆ ಅಂತಲೇ ಅಂದಿದ್ದು ಅಲ್ವಾ? ನಂಗೇ ಈಗ ಅನ್ಮಾನ ಬತ್ತಾ ಅದೆ," ಎಂದಳು.

ಆ ಮಾತು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಅಲ್ಲಾಡಿಸಿತು. ಐದು ದಿನದಲ್ಲಿ ಒಬ್ಬ ಹೆಂಗಸಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹೋಗುವ ಹಾಗೆ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬಂದೆ. ಊಟ ಆದ ಮೇಲೆ ಮೇಜು ಒರೆಸಿ, ಗೆರೆ ಹಾಕಿದ ಹಾಳೆ ತೆಗೆದು ಬರೆಯಲು ಕೂತೆ. ಸಂಜೆಯ ಕಾಫಿಯವರೆಗೂ ಬರೆದೆ, ಮುಗಿದಾಗ ಒಂದೂವರೆ ಪುಟ ಇತ್ತು. ಮೂರು ಮಾತು ಕೇಳಿದೆ, ಈ ಕ್ರಮದಲ್ಲಿ ಕೇಳಿದೆ ಎಂದು ಮೂರನ್ನೂ ಬರೆದೆ. ನಾನು ಬೆನ್ನು ತಿರುಗಿಸಿದ್ದೆ, ಮುಖ ನೋಡಿಲ್ಲ ಎಂದು ಬರೆದೆ. ಫ್ಯಾನು ತಿರುಗುತ್ತಿತ್ತು ಎಂದು ಬರೆದೆ. ಇದನ್ನು ಬಿಟ್ಟುಬಿಡು ಎಂದು ಮನಸ್ಸು ಹೇಳಿತು. ಬಿಟ್ಟರೆ ಅವರೇ ಅದನ್ನು ಹೇಳುತ್ತಾರೆ, ಆಗ ಉಳಿದದ್ದೂ ಸುಳ್ಳಾಗುತ್ತದೆ. ಕೊನೆಗೆ ಮೂವತ್ತಾರು ಬೋರ್ಡುಗಳ ನಂಬರು ಬರೆದು, ಇವುಗಳನ್ನು ಹೊರಗಿನ ಗಡಿಯಾರದ ಜೊತೆ ಹೋಲಿಸದೆ ನಾನು ಸಹಿ ಹಾಕಿದ್ದೇನೆ, ಇದು ನನ್ನ ತಪ್ಪು ಎಂದೂ ಬರೆದೆ. ಆ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟೆ.

ಸೋಮವಾರ ಕೋಣೆಯಲ್ಲಿ ನಾಲ್ವರು. ಯಜಮಾನರು, ಸೂಪರ್‌ವೈಸರ್, ಅವಳು, ನಾನು. ಯಜಮಾನರು ನನ್ನ ಹಾಳೆಯನ್ನು ಎರಡು ಸಲ ಓದಿ ಸೂಪರ್‌ವೈಸರ್ ಕೈಗೆ ಕೊಟ್ಟರು.

"ಫ್ಯಾನ್ ಶಬ್ದದಲ್ಲಿ ತ್ತೆ ಯಾವುದು ತ್ತಾ ಯಾವುದು ಅಂತ ಎಂಗ್ ಕೇಳ್ಸುತ್ತೆ ಮೇಡಂ?" ಎಂದರು ಸೂಪರ್‌ವೈಸರ್. "ಅದೂ ಬೆನ್ ತಿರುಗಿಸ್ಕೊಂಡು."

"ಬೆನ್ನು ತಿರುಗಿಸಿದ್ದೆ ಸಾರ್, ಕಿವಿ ತಿರುಗಿಸಿರಲಿಲ್ಲ."

"ಹತ್ತೊಂಬತ್ ವರ್ಷ ಬಜರ್ ಕೇಳಿರೋ ಕಿವಿ. ಅದಕ್ಕೇನ್ ಗ್ಯಾರಂಟಿ?"

"ಗ್ಯಾರಂಟಿ ಬೇಡ. ಮೊದಲನೇ ಸಲ ನನಗೆ ತಪ್ಪು ಕೇಳಿಸಿರಬಹುದು ಅಂತಲೇ ಇಟ್ಕೊಳ್ಳಿ. ಆದರೆ ಅವಳು ನಡೆಯುತ್ತಾ ಸಾರ್ ಅಂತ ಕೇಳಿದಳು. ನೀವು ನಡೆಯುತ್ತೆ ಅಂದ್ನಲ್ಲಮ್ಮ ಅಂದ್ರಿ. ಪ್ರಶ್ನೆ ಕೇಳಿದವರು ಯಾರಾದರೂ ಅಂದ್ನಲ್ಲ ಅಂತಾರಾ?"

ಯಜಮಾನರು ಸೂಪರ್‌ವೈಸರನ್ನು ನೋಡಿ, "ಹಂಗಂದ್ರಾ?" ಎಂದು ಕೇಳಿದರು.

"ನೆನಪಿಲ್ಲ ಸಾರ್."

"ನನಗೆ ನೆನಪಿದೆ," ಎಂದೆ.

"ನಂಗೂ ಅದೆ ಸಾರ್," ಎಂದಳು ಅವಳು. ಅಂದು ಕೋಣೆಯಲ್ಲಿ ಅವಳಾಡಿದ ಮೊದಲ ಮಾತು. ಧ್ವನಿ ಸಣ್ಣದಿತ್ತು, ಅನುಮಾನ ಇರಲಿಲ್ಲ.

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಸಹಿ ಹಾಕದಿದ್ರೆ ಬೇರೆಯವರ ಕೈಲಿ ಹಾಕಿಸ್ಬೋದಮ್ಮ, ಗೊತ್ತಲ್ಲ?"

"ಹಾಕಿಸಿ ಸಾರ್. ಈ ಹಾಳೆಯನ್ನೂ ಅದರ ಜೊತೆ ಪಿನ್ ಮಾಡಿ ಕಳಿಸಿ. ನೀವು ಕಳಿಸದಿದ್ರೆ ನಾನೇ ಬಸ್ಸು ಹತ್ತಿ ಹೋಗಿ ಕಂಪನಿಯವರ ಕೈಗೆ ಕೊಟ್ಟು ಬರ್ತೀನಿ. ನನ್ನ ಹತ್ರ ಇನ್ನೊಂದು ಪ್ರತಿ ಇದೆ."

ಇನ್ನೊಂದು ಪ್ರತಿ ಇರಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಆಡಿದ ಒಂದೇ ಸುಳ್ಳು ಅದು. ಅದನ್ನೂ ಇಲ್ಲಿ ಬರೆದಿದ್ದೇನೆ.

"ನಿಮ್ಮ ತಪ್ಪನ್ನ ನೀವೇ ಬರೆದಿದ್ದೀರಲ್ಲ. ಅದು ನಿಮಗೇ ತಿರುಗುತ್ತೆ," ಎಂದರು ಅವರು.

"ತಿರುಗಲಿ. ನನ್ನದನ್ನ ನಾನು ಹೊರ್ತೀನಿ. ಅವಳ ತಲೆ ಮೇಲೆ ಇನ್ನೊಬ್ಬರದ್ದನ್ನ ಇಡೋಕೆ ನನ್ನ ಕೈ ಕೇಳ್ಬೇಡಿ."

ಅವತ್ತು ಮಧ್ಯಾಹ್ನ ಹೊಸ ನಮೂನೆ ಬಂತು. "ಕಾರಣ" ಎನ್ನುವಲ್ಲಿ "ಜೋಡಣೆಯಲ್ಲಿ ಗೊಂದಲ" ಎಂದಿತ್ತು. ಕ್ರಮ ಹಾಗೇ ಇತ್ತು. ನಾನು ಪೆನ್ನು ತೆಗೆದು ಎರಡನ್ನೂ ಹೊಡೆದುಹಾಕಿ ವಾಪಸ್ ಕಳಿಸಿದೆ. ಮಾರನೇ ದಿನ ಇನ್ನೊಂದು ಬಂತು: "ಸಂವಹನದ ಕೊರತೆ". ಯಾರ ಸಂವಹನ, ಯಾರಿಗೆ ಕೊರತೆ ಎಂದು ಅಂಚಿನಲ್ಲಿ ಬರೆದು ಕಳಿಸಿದೆ. ಟೈಪಿಂಗ್ ಮಾಡುವಾಕೆ ಆಫೀಸಿನ ಬಾಗಿಲಲ್ಲಿ ನಿಂತು, "ಅಕ್ಕ, ನನ್ ಪ್ರಿಂಟರ್ ಇಂಕ್ ನೀವೇ ಕುಡಿತೀರಾ?" ಎಂದು ಕೇಳಿದಳು.

ಆ ಎರಡು ದಿನ ಶೆಡ್ಡಿನಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆರ್ಡರ್ ಹೋದರೆ ನನ್ನಿಂದ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ತಪ್ಪು ತಿಳಿದಿರಲಿಲ್ಲ. ಆದರೂ ಡಬ್ಬಿ ತೆಗೆದು, ಎಲ್ಲರೂ ಕೂರುವ ಜಾಗದಲ್ಲೇ ಕೂತು ತಿಂದೆ. ಅವಳು ತನ್ನ ಡಬ್ಬಿ ತಂದು ನನ್ನ ಪಕ್ಕ ಕೂತಳು. ಮುದ್ದೆ ಮುರಿಯುತ್ತಾ, "ಉಪ್ಸಾರು ಚೆನ್ನಾಗಾಗದೆ, ಆಕ್ಕೊಳಿ," ಅಂದಳು. ಹಾಕಿಕೊಂಡೆ.

ಬುಧವಾರ ನಾಲ್ಕನೆಯ ನಮೂನೆ ಬಂತು. ಟೈಪಾದದ್ದಲ್ಲ, ಯಜಮಾನರೇ ಕೈಯಲ್ಲಿ ಬರೆದಿದ್ದರು. ಕಾರಣ: ನಿಗದಿತ ಹರಳು ದಾಸ್ತಾನಿನಲ್ಲಿ ಇಲ್ಲದ ಕಾರಣ, ಮೇಲಿನವರ ಸೂಚನೆಯಂತೆ ಬೇರೆ ಹರಳು ಬಳಸಲಾಯಿತು, ಪರೀಕ್ಷೆಯ ಮಾದರಿಯಲ್ಲೂ ಅದೇ ಹರಳು ಇದ್ದದ್ದರಿಂದ ದೋಷ ತಿಳಿಯಲಿಲ್ಲ. ಕ್ರಮ: ಪರೀಕ್ಷೆಗೆ ಹೊರಗಿನ ಗಡಿಯಾರ ಕಡ್ಡಾಯ ಮಾಡಲಾಗಿದೆ. ಪರೀಕ್ಷಕರನ್ನು ಬದಲಾಯಿಸಲಾಗಿದೆ.

ಕೊನೆಯ ಸಾಲಿನ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ಹತ್ತೊಂಬತ್ತು ವರ್ಷ. ಆಮೇಲೆ ಮೊದಲಿಂದ ಓದಿದೆ. ಒಂದು ಮಾತೂ ಸುಳ್ಳಿರಲಿಲ್ಲ. ಸೂಪರ್‌ವೈಸರ್ ಎಂಬ ಶಬ್ದ ಇರಲಿಲ್ಲ, "ಮೇಲಿನವರು" ಎಂದಿತ್ತು. ಅವರ ಕೆಲಸಕ್ಕೆ ಕುತ್ತು ಬರಲಿಲ್ಲ, ಬರಬೇಕೆಂದು ನಾನೂ ಕೇಳಿರಲಿಲ್ಲ. ಅವಳ ವಿಷಯ ಎಲ್ಲೂ ಇರಲಿಲ್ಲ. ಸಹಿ ಹಾಕಿದೆ. ಅಷ್ಟು ಸ್ಪಷ್ಟವಾಗಿ ನಾನು ನನ್ನ ಹೆಸರನ್ನು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಕಂಪನಿಯವರು ಬಂದರು, ಶೆಡ್ಡನ್ನು ಒಂದಿಡೀ ದಿನ ಜಾಲಾಡಿದರು, ಮುಖ ಗಂಟಿಕ್ಕಿಕೊಂಡು ಹೋದರು. ಆರ್ಡರ್ ನಿಲ್ಲಲಿಲ್ಲ, ಕಡಿಮೆಯಾಯಿತು. ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು. ಈಗಲೂ ಅಲ್ಲೇ ಇದ್ದೇನೆ. ವಾಪಸ್ ಪರೀಕ್ಷೆಗೆ ಹಾಕಿ ಎಂದು ಕೇಳಿಲ್ಲ, ಕೇಳುವುದೂ ಇಲ್ಲ. ಸೂಪರ್‌ವೈಸರ್ ಈಗ ನನಗೆ ಎದುರಾದರೆ ದಾರಿ ಬಿಡುತ್ತಾರೆ, ಮಾತಾಡುವುದಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲವೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯುವುದಿಲ್ಲ.

ಆ ಮೂರು ವಾರ ಮುಗಿದಾಗ ಅವಳ ಕಾಗದಕ್ಕೆ ಯಜಮಾನರ ಸಹಿ ಬಿತ್ತು. ಅವತ್ತು ಸಂಜೆ ಕೆ.ಆರ್.ಎಸ್. ರಸ್ತೆಯ ಬಸ್‌ಸ್ಟಾಪಿನವರೆಗೂ ಒಟ್ಟಿಗೆ ನಡೆದೆವು. ಅವಳು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು. ಬಸ್ಸು ಕಂಡಾಗ ಹೇಳಿದಳು:

"ಅಕ್ಕ, ಓದ ಸರ್ಕಲ್ಲಿ ಇಪ್ಪತ್ತೊಂಬತ್ತು ವಾಪಸ್ ಬಂದವೆ. ಅರಳೆಲ್ಲಾ ಬಿಚ್ಚಿ ಬೇರೆದು ಆಕ್ಬೇಕು. ಬೆಳಿಗ್ಗೆ ಎಂಟಕ್ಕೇ ಬನ್ನಿ."

"ನಾನು ಪ್ಯಾಕಿಂಗ್‌ನವಳು ಕಣೇ. ಬೋರ್ಡು ಮುಟ್ಟಂಗಿಲ್ಲ, ಸಹಿ ಮಾಡಂಗಿಲ್ಲ."

"ಬಿಚ್ಚಕ್ಕೆ ಯಾವ್ ಸಯಿ ಬೇಕು? ಬಂದು ಕೂತ್ಕಳಿ. ಯಾರ್ ಬೇಡ ಅಂತಾರೋ ನೋಡ್ತೀನಿ."

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಮುಂಚೆಯೇ ಹೋದೆ. ಅವಳು ಆಗಲೇ ಬೆಸುಗೆ ಕಡ್ಡಿ ಕಾಯಿಸಿಟ್ಟು, ತನ್ನ ಬೆಂಚಿನ ಪಕ್ಕ ಇನ್ನೊಂದು ಸ್ಟೂಲ್ ಎಳೆದಿದ್ದಳು.